ಷರಾ ಕಾಲಮಿನ ಎರಡಕ್ಷರ

ಮಂಗಳೂರಿನಿಂದ ಬಂದ ಮೂರು ತಗಡಿನ ಪೆಟ್ಟಿಗೆಗಳ ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿದ್ದ ನಮ್ಮ ಕಚೇರಿಯ ಪ್ಯೂನ್ ಸುತ್ತಿಗೆ ತಂದು ಬೀಗ ಒಡೆದ. ಒಳಗೆ ಗೆದ್ದಲು ಮಣ್ಣು, ಸತ್ತ ಜಿರಲೆ, ಅದರಡಿಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಉದ್ದುದ್ದ ಪುಸ್ತಕಗಳು. ಸೂಪರಿಂಟೆಂಡೆಂಟರು ಒಂದನ್ನು ಬಿಚ್ಚಿ, ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ನನ್ನನ್ನು ಕರೆದರು.

"ಇದು ನಿಮ್ಮ ಭಾಷೆ ಅಲ್ಲವೇ?"

ಹೌದು, ನನ್ನದೇ. ಕಾಸರಗೋಡಿನವಳಾದ ನಾನು ಆ ಕಚೇರಿಯಲ್ಲಿ ಕನ್ನಡ ಓದಬಲ್ಲ ಒಬ್ಬಳೇ ಗುಮಾಸ್ತೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ, ಆವತ್ತಿನಿಂದ ಆ ಪೆಟ್ಟಿಗೆಗಳಿಗೆ ನಾನೇ ಗೌಡ್ತಿಯಾದೆ.

ಅದು ಎಪ್ಪತ್ತರ ದಶಕದ ಆರಂಭ. ನಮ್ಮದು ಅರಬ್ಬಿ ಸಮುದ್ರದ ನಡುವಿನ ದ್ವೀಪಗಳ ಆಡಳಿತಕ್ಕೆ ಸೇರಿದ ಚಿಕ್ಕ ಕಚೇರಿ. ಲಕ್ಷದ್ವೀಪ ಎಂಬ ಒಂದೇ ಹೆಸರು ಇನ್ನೂ ಬಂದಿರಲಿಲ್ಲ. ಲಾಕಡಿವ್, ಮಿನಿಕಾಯ್, ಅಮೀನ್‌ದೀವಿ ಎಂದು ಮೂರು ಹೆಸರನ್ನೂ ಪ್ರತಿ ಕಾಗದದ ತಲೆಯ ಮೇಲೆ ಟೈಪು ಮಾಡಬೇಕಿತ್ತು. ಇವುಗಳಲ್ಲಿ ಉತ್ತರದ ಅಮೀನ್‌ದೀವಿ ದ್ವೀಪಗಳು ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಅಧಿಕಾರಿಗಳು ಹಾಯಿ ದೋಣಿಯಲ್ಲಿ ಹೋಗಿ ಮನೆ, ಮರ, ಜನ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದರು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ದ್ವೀಪಗಳು ಕೇಂದ್ರಕ್ಕೂ ಕಾಸರಗೋಡು ಕೇರಳಕ್ಕೂ ಹೋದವು. ಒಂದೇ ದಿನ, ಒಂದೇ ಕತ್ತರಿ. ಹಾಗಾಗಿ ಆ ಪುಸ್ತಕಗಳನ್ನು ಬಿಚ್ಚುವಾಗ ನನಗೆ ಸ್ವಲ್ಪ ಮಟ್ಟಿಗೆ ನಮ್ಮ ಮನೆಯ ಹಳೆಯ ಕಾಗದಪತ್ರ ಬಿಚ್ಚಿದ ಹಾಗೆ ಆಗುತ್ತಿತ್ತು.

ಕೆಲಸ ಇಷ್ಟು: ದ್ವೀಪದವರಿಗೆ ಓದಿನಲ್ಲಿ, ಉದ್ಯೋಗದಲ್ಲಿ ಮೀಸಲಾತಿ ಇತ್ತು. ಅದಕ್ಕೆ ಒಂದು ಪ್ರಮಾಣಪತ್ರ ಬೇಕು. ನಿಯಮ ಮೂರು ಸಾಲಿನದ್ದು, ಕಬ್ಬಿಣದ್ದು. ಅರ್ಜಿದಾರ ದ್ವೀಪದಲ್ಲಿ ಹುಟ್ಟಿರಬೇಕು. ಅವನ ತಂದೆಯೂ ತಾಯಿಯೂ ದ್ವೀಪದಲ್ಲೇ ಹುಟ್ಟಿರಬೇಕು. ಉತ್ತರದ ದ್ವೀಪದವರ ತಂದೆತಾಯಿಯ ಹುಟ್ಟಿಗೆ ಆಧಾರ ಎಂದರೆ ಈ ಕನ್ನಡ ಪುಸ್ತಕಗಳೇ. ನಾನು ಆ ಮನೆಯ ಸಾಲನ್ನು ಹುಡುಕಿ, ಇಂಗ್ಲಿಷಿಗೆ ಅನುವಾದಿಸಿ, ಕೆಳಗೆ 'ಯಥಾವತ್ತಾದ ಅನುವಾದ' ಎಂದು ಬರೆದು ಸಹಿ ಹಾಕಬೇಕು.

ಅಕ್ಷರ ಮೋಡಿ ಲಿಪಿಗೆ ಹತ್ತಿರದ ಓಟದ ಬರಹ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಾಲು ಚಾಚಿಕೊಂಡಿರುತ್ತಿದ್ದವು. ಮೊದಲ ವಾರ ದಿನಕ್ಕೆ ಒಂದು ಪುಟವೂ ಆಗಲಿಲ್ಲ. ನಾನು ಒಂದು ನೋಟುಪುಸ್ತಕದಲ್ಲಿ, ಆ ಪುಸ್ತಕ ಬರೆದ ಹಳೆಯ ಗುಮಾಸ್ತನ ಒಂದೊಂದು ಅಕ್ಷರವನ್ನೂ ನಕಲು ಮಾಡಿ, ಅವನ 'ಸ' ಯಾವುದು, 'ನ' ಯಾವುದು ಎಂದು ಪಟ್ಟಿ ಮಾಡಿದೆ. ಕಾಲಮುಗಳು ಐದು: ಮನೆಯ ಹೆಸರು, ಆಸಾಮಿ, ವಯಸ್ಸು, ಮರ, ಷರಾ. ಷರಾ ಎಂದರೆ ಟಿಪ್ಪಣಿ ಬರೆಯುವ ಕಾಲಮು, ಹೆಚ್ಚಾಗಿ ಖಾಲಿ. ಅಲ್ಲೊಂದು ಇಲ್ಲೊಂದು ಹೆಸರಿನ ಮುಂದೆ ಮಾತ್ರ ಎರಡಕ್ಷರ ಇರುತ್ತಿತ್ತು: 'ಕರ'.

ಕಂದಾಯದ ಪುಸ್ತಕದಲ್ಲಿ ಕರ ಎಂದರೆ ಮತ್ತೇನು? 'ತೆರಿಗೆಗೆ ಒಳಪಟ್ಟವರು' ಎಂದು ಇಂಗ್ಲಿಷಿನಲ್ಲಿ ಬರೆದೆ. ಕೆಲವು ಮನೆಗಳಲ್ಲಿ ಗಂಡನ ಮುಂದೆ ಖಾಲಿ ಇದ್ದು ಹೆಂಗಸಿನ ಮುಂದೆ ಕರ ಇದ್ದಾಗ ಕ್ಷಣ ತಡೆದೆ. ಆದರೆ ದ್ವೀಪದಲ್ಲಿ ಆಸ್ತಿ ತಾಯಿಯ ಕಡೆಯಿಂದ ಬರುವುದು, ನಮ್ಮ ಅಳಿಯಸಂತಾನದ ಹಾಗೆ. ಹೆಂಗಸಿಗೆ ತೆರಿಗೆ ಬೀಳುವುದರಲ್ಲಿ ವಿಚಿತ್ರ ಏನು ಎಂದು ನನಗೆ ನಾನೇ ಪಾಠ ಹೇಳಿಕೊಂಡು ಮುಂದೆ ಹೋದೆ. ಸೂಪರಿಂಟೆಂಡೆಂಟರಿಗಂತೂ ಖುಷಿ. "ತೆರಿಗೆಗೆ ಒಳಪಟ್ಟವರು ಎಂದ ಮೇಲೆ ಆ ನೆಲದವರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?" ಎಂದು ಫೈಲಿನ ಮೇಲೆ ಬೆರಳು ಕುಟ್ಟುತ್ತಿದ್ದರು. ಹಾಗೆ ಹನ್ನೊಂದು ಅನುವಾದಗಳು ನನ್ನ ಸಹಿಯೊಂದಿಗೆ ಹೋದವು. ನನಗೂ ಜಂಭ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗಿನಲ್ಲಿ ಉತ್ತರದ ಒಂದು ದ್ವೀಪದಿಂದ ಒಬ್ಬ ಹುಡುಗಿ ಅಪ್ಪನೊಂದಿಗೆ ಬಂದಳು. ಹದಿನೆಂಟು ವಯಸ್ಸು, ತಲೆಯ ಮೇಲೆ ತಟ್ಟ ಎಂಬ ಬಿಳಿ ವಸ್ತ್ರ, ಕೈಯಲ್ಲಿ ಮಾರ್ಕ್ಸ್ ಕಾರ್ಡು. ತಿರುವನಂತಪುರದ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ದ್ವೀಪದವರಿಗೆಂದು ಒಂದು ಸೀಟು ಇಟ್ಟಿದ್ದರು. ಅರ್ಜಿ ಹಾಕಿದವಳು ಇವಳೊಬ್ಬಳೇ. ಪ್ರಮಾಣಪತ್ರ ತೋರಿಸಿದರೆ ಸೀಟು ಅವಳದ್ದು, ಇಲ್ಲದಿದ್ದರೆ ಅದೇ ದಿನ ಸಾಮಾನ್ಯ ಪಟ್ಟಿಯವರಿಗೆ ಹೋಗುತ್ತದೆ. ಅವಳ ದ್ವೀಪದಲ್ಲಿ ನರ್ಸ್ ಇರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿಗೆ ಹಡಗೂ ಇಲ್ಲ.

ಅವಳ ತಾಯಿಯ ಮನೆಯ ಸಾಲು ಎರಡೇ ದಿನದಲ್ಲಿ ಸಿಕ್ಕಿತು. ಅಜ್ಜ, ಷರಾ ಖಾಲಿ. ಅಜ್ಜಿ, ಷರಾ ಕರ. ಅದರ ಕೆಳಗೆ: 'ಹೆಣ್ಣು ಕೂಸು, ತಿಂಗಳು ಮೂರು', ಷರಾ ಕರ. ಆ ಕೂಸೇ ಈ ಹುಡುಗಿಯ ತಾಯಿ. ನಾನು ಎಂದಿನಂತೆ ಅನುವಾದಿಸಿ ಸಹಿ ಹಾಕಿದೆ. ಸಂಜೆಯೊಳಗೆ ಪ್ರಮಾಣಪತ್ರಕ್ಕೆ ಅಧಿಕಾರಿಯ ಮೊಹರು ಬಿತ್ತು.

ಮರುದಿನ ಹುಡುಗಿಯ ಅಪ್ಪ ರಸೀದಿಗೆ ಸಹಿ ಮಾಡಲು ಬಂದರು. ನಾನು ಕನ್ನಡದವಳು ಎಂದು ಪ್ಯೂನ್ ಹೇಳಿದ್ದನಂತೆ. ಮುಖ ಅರಳಿಸಿಕೊಂಡು ಕನ್ನಡದಲ್ಲೇ ಮಾತಿಗೆ ತೊಡಗಿದರು, ಮಂಗಳೂರು ಬಂದರಿನ ಕನ್ನಡ.

"ನಾನು ಸಣ್ಣ ಇರುವಾಗಲೇ ಮಂಗಳೂರಿಗೆ ಬರ್ತಾ ಇದ್ದೆ ಅಲ್ಲವಾ. ತೆಂಗಿನ ಹಗ್ಗ ಕೊಡುವುದು, ಅಕ್ಕಿ ಕೊಂಡುಹೋಗುವುದು. ನಿಮ್ಮ ಊರಿನ ಮಾತು ಕೇಳದೆ ಎಷ್ಟು ಕಾಲ ಆಯ್ತು!"

"ಹಾಗಾದ್ರೆ ನಿಮ್ಮ ಹೆಂಡತಿಯೂ ಮಂಗಳೂರು ನೋಡಿದ್ದಾರಾ?" ಸುಮ್ಮನೆ ಕೇಳಿದೆ.

"ಅವಳು ಹುಟ್ಟಿದ್ದೇ ಕರದಲ್ಲಿ ಅಲ್ಲವಾ!" ಎಂದು ನಕ್ಕರು. "ಅವಳ ಉಮ್ಮನಿಗೆ ಮೊದಲಿನ ಎರಡು ಮಕ್ಕಳು ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿ ಇರುವಾಗ ಆಸ್ಪತ್ರೆಗೆ ಅಂತ ಓಡದಲ್ಲಿ ಕರಕ್ಕೆ ಕೊಂಡುಹೋದರು. ಮಳೆ ಹಿಡೀತು. ವಾಪಸ್ ಬರಲಿಕ್ಕೆ ಆಗ್ಬೇಕಲ್ಲ? ಕೂಸು ಕರದಲ್ಲೇ ಆಯ್ತು."

ಉಮ್ಮ ಎಂದರೆ ತಾಯಿ, ಓಡ ಎಂದರೆ ಅವರ ಹಾಯಿ ದೋಣಿ. ಕರ ಎಂದರೆ ದಡ, ಅಂದರೆ ನಾವಿರುವ ದೊಡ್ಡ ಭೂಮಿ. ದ್ವೀಪದವರಿಗೆ ಇಡೀ ಭಾರತವೇ 'ಕರ'. ಮಲಯಾಳದಲ್ಲೂ ಅದೇ ಅರ್ಥ. ತೆರಿಗೆಯಾದರೆ ಕೊನೆಗೊಂದು ಅನುಸ್ವಾರ ಸೇರಿ 'ಕರಂ' ಆಗುತ್ತದೆ. ಬಾಲ್ಯದಿಂದ ಮಲಯಾಳ ಕೇಳಿ ಬೆಳೆದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಕನ್ನಡ ಪುಸ್ತಕ ತೆರೆದ ಕೂಡಲೇ ನನ್ನ ಮಲಯಾಳದ ಕಿವಿ ಮುಚ್ಚಿಕೊಳ್ಳುತ್ತಿತ್ತು. ಆ ಹಳೆಯ ಗುಮಾಸ್ತ ದ್ವೀಪದವರ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದ. ಪಟ್ಟಿ ಮಾಡುವ ಹೊತ್ತಿಗೆ ದ್ವೀಪದಲ್ಲಿಲ್ಲದೆ ದಡದಲ್ಲಿ ಇದ್ದವರ ಮುಂದೆ 'ಕರ'.

ಅಪ್ಪ ಹೋದ ಮೇಲೆ ಪುಸ್ತಕವನ್ನು ಮತ್ತೆ ತೆರೆದೆ. ಅಜ್ಜನ ಮುಂದೆ ಖಾಲಿ, ಅಜ್ಜಿಗೆ ಕರ, ಮೂರು ತಿಂಗಳ ಕೂಸಿಗೆ ಕರ. ಮೊಲೆಗೂಸಿಗೆ ಎಂಥ ತೆರಿಗೆ ಮಾರಾಯ್ತಿ ಎಂದು ನನ್ನ ತಲೆಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು. ಹಿಂದಿನ ಹನ್ನೊಂದು ಸಾಲುಗಳನ್ನೂ ತೆಗೆದು ನೋಡಿದೆ. ಅವರೆಲ್ಲ ದೊಡ್ಡವರು, ಆ ವರ್ಷ ವ್ಯಾಪಾರಕ್ಕೋ ಮತ್ತೊಂದಕ್ಕೋ ಮಂಗಳೂರಿಗೆ ಹೋಗಿದ್ದವರು. ಅವರ ಹುಟ್ಟಿನ ಸಾಲು ಬೇರೆ ಪುಸ್ತಕದಲ್ಲಿ ದ್ವೀಪದ್ದೇ ಇತ್ತು. ತಪ್ಪು ತಿದ್ದಿದರೂ ಅವರಿಗೆ ಏನೂ ಆಗುತ್ತಿರಲಿಲ್ಲ. ಈ ಹುಡುಗಿಗೆ ಮಾತ್ರ ಎಲ್ಲವೂ ಹೋಗುತ್ತಿತ್ತು. ತಾಯಿ ದಡದಲ್ಲಿ ಹುಟ್ಟಿದವಳು. ನಿಯಮದ ಪ್ರಕಾರ ಮಗಳು ದ್ವೀಪದವಳಲ್ಲ.

ಎರ್ನಾಕುಲಂನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು ಮೈಸೂರಿನವಳು, ಬ್ಯಾಂಕಿನಲ್ಲಿ ಕೆಲಸ. ಭಾನುವಾರ ಬಟ್ಟೆ ಒಗೆಯುವಾಗ ಅವಳಿಗೆ ಎಲ್ಲವನ್ನೂ ಹೇಳಿದೆ.

"ಯಾರಿಗೆ ಗೊತ್ತಾಗತ್ತೆ?" ಎಂದಳು.

"ಕನ್ನಡ ಓದುವವರು ಯಾರೂ ಇಲ್ಲ."

"ಮತ್ತೆ ಸುಮ್ನಿರು ಕಣೆ. ಯಾರೋ ಬಸುರಿ ಮಳೇಲಿ ಸಿಕ್ಕಾಕ್ಕೊಂಡ್ಲು ಅಂತ ಮೊಮ್ಮಗಳಿಗೆ ಶಿಕ್ಷೆನಾ? ಎಂಥ ಕಾನೂನದು!"

"ನಾನು ಯಥಾವತ್ತು ಅಂತ ಸಹಿ ಹಾಕಿದ್ದೇನೆ."

"ತಿದ್ದೋದಾದ್ರೆ ತಿದ್ದು, ಆಮೇಲೆ ಆ ಹುಡುಗಿ ಮುಖ ನೀನೇ ನೋಡು. ಇಲ್ಲ ಅಂದ್ರೆ ಅವಳಿಗಾದ್ರೂ ಹೇಳ್ಬಿಡು, ಬಾಯಿ ಮುಚ್ಕೊಂಡಿರು ಅಂತ."

ಮೊದಲ ಸಲಹೆಯನ್ನು ತೆಗೆದುಕೊಂಡೆ, ಕೊನೆಯದನ್ನು ಬಿಟ್ಟೆ. ನಿಯಮ ಅನ್ಯಾಯದ್ದು ಎಂದು ನನಗೆ ನಿಜವಾಗಿಯೂ ಅನ್ನಿಸಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಕಾರಣವೂ ಕೂತಿತ್ತು: ತಿದ್ದಿದರೆ, ಕನ್ನಡ ಬಲ್ಲವಳು ಎಂದು ಮೆರೆದ ನಾನು ಕನ್ನಡದ್ದೇ ಎರಡಕ್ಷರ ಓದಲಾರದೆ ಹೋದೆ ಎಂದು ಕಚೇರಿ ತುಂಬ ಗೊತ್ತಾಗುತ್ತದೆ. ಈ ಎರಡರಲ್ಲಿ ಯಾವುದು ಹೆಚ್ಚು ಭಾರವಿತ್ತು ಎಂದು ಈಗ ಕೇಳಿದರೆ, ಹೇಳಲು ನಾಚಿಕೆಯಾಗುತ್ತದೆ. ಹುಡುಗಿಗೆ ಹೇಳದಿರುವುದಕ್ಕೂ ಒಂದು ಸಬೂಬು ಕಟ್ಟಿಕೊಂಡೆ. ಎಳೆಯ ಹುಡುಗಿ, ಗೊತ್ತಾದರೆ ಹೆದರುತ್ತಾಳೆ, ಹೆದರಿದರೆ ತೊದಲುತ್ತಾಳೆ. ಗೊತ್ತಿಲ್ಲದಿದ್ದರೆ ನೆಮ್ಮದಿಯಾಗಿ ಇರುತ್ತಾಳೆ.

ಮುಂದಿನ ವಾರ ನರ್ಸಿಂಗ್ ಶಾಲೆಯಿಂದ ತಂತಿ ಬಂತು. ಸಂದರ್ಶನಕ್ಕೆ ಮೂಲ ಪುಸ್ತಕವನ್ನೂ ಅದನ್ನು ಓದಬಲ್ಲವರನ್ನೂ ಕಳುಹಿಸಬೇಕು. ಸೂಪರಿಂಟೆಂಡೆಂಟರು ಪುಸ್ತಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಸಿ ನನ್ನ ಕೈಗಿಟ್ಟರು. ಮೀಟರ್ ಗೇಜ್ ರೈಲಿನಲ್ಲಿ ಹುಡುಗಿ, ಅಪ್ಪ, ನಾನು, ನನ್ನ ತೊಡೆಯ ಮೇಲೆ ಆ ಪುಸ್ತಕ. ಮಳೆ ಶುರುವಾಗಿತ್ತು. ಕಿಟಕಿಯ ಹಲಗೆ ಇಳಿಸಿದರೆ ಸೆಕೆ, ಏರಿಸಿದರೆ ಇರಚಲು. ಹುಡುಗಿ ಕೋಳಿಕ್ಕೋಡಿನ ಹಾಸ್ಟೆಲಿನಲ್ಲಿ ಓದಿದವಳು, ಒಳ್ಳೆಯ ಮಲಯಾಳ ಆಡುತ್ತಿದ್ದಳು. ದಾರಿಯುದ್ದಕ್ಕೂ ನಾನು ಪ್ರಶ್ನೆ ಕೇಳಿ ಅವಳಿಂದ ಉತ್ತರ ಹೇಳಿಸಿದೆ. ಹೆಸರು, ಊರು, ಮಾರ್ಕು.

"ಚೇಚಿ, ಯಾಕೆ ನರ್ಸ್ ಆಗಬೇಕು ಅಂತ ಕೇಳಿದರೆ?" ಎಂದಳು, ಕೊಲ್ಲಂ ದಾಟಿದ ಮೇಲೆ. ಅಷ್ಟರಲ್ಲಿ ನಾನು ಅವಳಿಗೆ ಚೇಚಿ, ಅಂದರೆ ಅಕ್ಕ, ಆಗಿಬಿಟ್ಟಿದ್ದೆ.

ಆಗ ಹೇಳಬಹುದಿತ್ತು. ಎದುರಿಗೆ ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು. ಡಬ್ಬಿಯಲ್ಲಿ ಬೇರೆ ಯಾರೂ ನಮ್ಮ ಕಡೆ ಗಮನ ಕೊಟ್ಟಿರಲಿಲ್ಲ.

"ಜನಸೇವೆ ಮಾಡಬೇಕು ಅಂತ ಹೇಳು, ಸಾಕು," ಎಂದೆ.

ಸಂದರ್ಶನದ ಕೋಣೆಯಲ್ಲಿ ಮೂವರು. ನಡುವೆ ಅಧ್ಯಕ್ಷೆ, ನರೆಗೂದಲಿನ ಡಾಕ್ಟರಮ್ಮ. ಎರಡು ಬದಿಗೆ ಒಬ್ಬ ಮಾಸ್ತರರು, ಒಬ್ಬ ಗುಮಾಸ್ತ. ಅಪ್ಪನನ್ನು ಹೊರಗೆ ಕೂರಿಸಿದರು. ನಾನು ಪುಸ್ತಕ ಬಿಚ್ಚಿ, ಆ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿದೆ. "ಹೆಣ್ಣು ಕೂಸು, ತಿಂಗಳು ಮೂರು, ಷರಾ ಕರ." ಆಮೇಲೆ ಇಂಗ್ಲಿಷಿನಲ್ಲಿ, ತೆರಿಗೆ ಎಂದೇ, ಅರ್ಥ ಹೇಳಿದೆ. ಗುಮಾಸ್ತ ನನ್ನ ಅನುವಾದದ ಕಾಗದದ ಮೇಲೆ ಟಿಕ್ ಹಾಕಿದ. ಡಾಕ್ಟರಮ್ಮ ಪುಸ್ತಕದ ಅಕ್ಷರಗಳನ್ನು ನೋಡಿ, "ಜಿಲೇಬಿ ಹಾಗಿದೆಯಲ್ಲ," ಎಂದು ನಕ್ಕರು. ನಾನೂ ನಕ್ಕೆ. ಮುಗಿಯಿತು ಎಂದುಕೊಂಡೆ.

ಅವರು ಮಾರ್ಕ್ಸ್ ಕಾರ್ಡು ನೋಡಿದರು, ಚೆನ್ನಾಗಿದೆ ಎಂದರು. ಹುಡುಗಿಯ ಕಡೆ ತಿರುಗಿ ಮಲಯಾಳದಲ್ಲಿ ಮೆತ್ತಗೆ ಕೇಳಿದರು: "ಹೆದರಬೇಡ ಮೋಳೇ. ನರ್ಸ್ ಆಗಬೇಕು ಅಂತ ನಿನಗೆ ಯಾಕೆ ಅನ್ನಿಸಿತು?"

"ಜನಸೇವೆ," ಎಂದಳು ಹುಡುಗಿ. ನಿಲ್ಲಿಸಿದಳು. ಆ ಮಾತು ತನ್ನದಲ್ಲ ಎಂದು ಅವಳಿಗೇ ಅನ್ನಿಸಿರಬೇಕು. ಮೇಜಿನ ಅಂಚು ಹಿಡಿದು ಮತ್ತೆ ಶುರು ಮಾಡಿದಳು. "ನನ್ನ ಅಜ್ಜಿಗೆ ಎರಡು ಮಕ್ಕಳು ಹೆರಿಗೆಯಲ್ಲೇ ಹೋದವು. ಊರಲ್ಲಿ ನೋಡುವವರಿಲ್ಲ. ಮೂರನೆಯ ಸಲ ಅಜ್ಜಿಯನ್ನು ಓಡದಲ್ಲಿ ಮಲಗಿಸಿಕೊಂಡು ಹೋದರು. ಮೂರು ದಿನ ಸಮುದ್ರದ ಮೇಲೆ. ನನ್ನ ಉಮ್ಮ ಹುಟ್ಟಿದ್ದು ಕರದಲ್ಲಿ, ಮಂಗಳೂರಿನಲ್ಲಿ, ಯಾರೂ ಗುರುತಿನವರಿಲ್ಲದ ಕಡೆ. ನಾನು ಕಲಿತು ವಾಪಸ್ ಹೋದರೆ ಇನ್ನು ಯಾರೂ ಹಾಗೆ ಹೋಗಬೇಕಾಗಿಲ್ಲ."

ಅಷ್ಟು ಚೆನ್ನಾಗಿ ಯಾರೂ ಉತ್ತರಿಸಲಾರರು. ಡಾಕ್ಟರಮ್ಮನ ಕಣ್ಣು ಒದ್ದೆಯಾಗಿತ್ತು. ಗುಮಾಸ್ತ ಮಾತ್ರ ಪೆನ್ನು ಎತ್ತಿ, ಅನುವಾದದ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ.

"ಮೇಡಂ," ಎಂದು ಅಧ್ಯಕ್ಷೆಯ ಕಡೆ ಬಾಗಿದ. "ಈಗ ಇವರು ಓದಿದ್ದು 'ಕರ' ಅಂತ ಅಲ್ಲವೇ?"

ಆ ಕೋಣೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಆದರೆ ಆ ಎರಡಕ್ಷರ ತಿಳಿಯಲು ಅಲ್ಲಿ ಯಾರಿಗೂ ಕನ್ನಡ ಬೇಕಿರಲಿಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಿ ಕೇಳಿದರು: "ನಿಮ್ಮ ಅನುವಾದ ಸರಿಯಾಗಿದೆಯೇ?"

"ಇಲ್ಲ," ಎಂದೆ. "ಅದು ತೆರಿಗೆ ಅಲ್ಲ. ದಡ."

ಆಮೇಲೆ ಅವರು ತುಂಬ ಹೊತ್ತು ತಮ್ಮಲ್ಲೇ ಮಾತಾಡಿದರು. ಡಾಕ್ಟರಮ್ಮ ಮೇಲಿನವರಿಗೆ ಫೋನು ಮಾಡಿಸಿದರು. ನಿಯಮವನ್ನು ಯಾರೋ ಆ ಕಡೆಯಿಂದ ಓದಿ ಹೇಳಿದರು, ಮೂರೇ ಸಾಲು. ಪ್ರಮಾಣಪತ್ರ ಮರುಪರಿಶೀಲನೆಗೆ ಹೋಗಬೇಕು. ಪಟ್ಟಿ ಸಂಜೆಗೆ ಮುಚ್ಚಬೇಕು. ಮೂರು ಗಂಟೆಗೆ ಆ ಸೀಟು ಸಾಮಾನ್ಯ ಪಟ್ಟಿಗೆ ಹೋಯಿತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅಪ್ಪನಿಗೆ ವಿಷಯ ತಿಳಿಸುವ ಕೆಲಸ ನನಗೇ ಬಿತ್ತು, ಕನ್ನಡದಲ್ಲಿ. "ಆಗಲಿಲ್ಲವಾ," ಎಂದಷ್ಟೇ ಕೇಳಿ ಕೊಡೆ ಬಿಚ್ಚಿದರು.

ಕೊಚ್ಚಿಗೆ ಮರಳಿದ ಮೇಲೆ ಮೆಮೊ ಬಂತು. ತಪ್ಪು ಯಾವಾಗ ಗಮನಕ್ಕೆ ಬಂತು ಎಂದು ಕೇಳಿದ್ದರು. 'ಸಂದರ್ಶನದ ಸಮಯದಲ್ಲಿ' ಎಂದು ಬರೆದು ಕೊಟ್ಟೆ. ಸೂಪರಿಂಟೆಂಡೆಂಟರು ಅದನ್ನು ನಂಬಿದರು, ಒಂದು ಎಚ್ಚರಿಕೆಯಲ್ಲಿ ಮುಗಿಸಿದರು. ಹನ್ನೊಂದು ಹಳೆಯ ಫೈಲುಗಳಲ್ಲಿ 'ತೆರಿಗೆಗೆ ಒಳಪಟ್ಟವರು' ಎಂಬುದನ್ನು ಹೊಡೆದು, 'ಪಟ್ಟಿಯ ವೇಳೆ ದಡದಲ್ಲಿದ್ದವರು' ಎಂದು ಬರೆದು, ಪ್ರತಿಯೊಂದಕ್ಕೂ ಚಿಕ್ಕ ಸಹಿ ಹಾಕಿದೆ. ಅವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಹುಡುಗಿಯ ಮರುಪರಿಶೀಲನೆ ಮೇಲಕ್ಕೆ ಹೋಗಿ, ನಿಯಮದಂತೆ ಸಾಧ್ಯವಿಲ್ಲ ಎಂಬ ಒಂದು ಸಾಲಿನೊಂದಿಗೆ ಕೆಳಗೆ ಬಂತು.

ಅಷ್ಟರಲ್ಲಿ ಸಮುದ್ರ ಮುಚ್ಚಿತ್ತು. ತಂದೆ ಮಗಳು ಇಬ್ಬರಿಗೂ ಸೆಪ್ಟೆಂಬರಿನವರೆಗೆ ಊರಿಗೆ ದಾರಿಯಿಲ್ಲ. ಮಟ್ಟಾಂಚೇರಿಯಲ್ಲಿ ದ್ವೀಪದವರದ್ದೇ ಒಂದು ಮಾಳಿಗೆಯ ಕೋಣೆಯಲ್ಲಿ ಉಳಿದರು. ಅಪ್ಪ ಹಗ್ಗದ ಅಂಗಡಿಯಲ್ಲಿ ಮೂಟೆ ಎತ್ತಿಸಲು ನಿಂತರು, ಹುಡುಗಿ ಒಂದು ಗೋಡೌನಿನಲ್ಲಿ ಒಣಶುಂಠಿ ಆರಿಸುವ ಹೆಂಗಸರ ಜೊತೆ ಸೇರಿಕೊಂಡಳು. ನನಗೆ ಗೊತ್ತಿದ್ದೂ ಎರಡು ತಿಂಗಳು ಆ ಕಡೆ ಹೋಗಲಿಲ್ಲ. ದಿನಾ ಕಚೇರಿಗೆ ಹೋಗುವ ದೋಣಿ ಮುಂದಕ್ಕೆ ಮಟ್ಟಾಂಚೇರಿಗೇ ಹೋಗುತ್ತಿತ್ತು. ನಾನು ವಿಲಿಂಗ್ಡನ್ ದ್ವೀಪದಲ್ಲಿ ಇಳಿದುಬಿಡುತ್ತಿದ್ದೆ.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಇಳಿಯಲಿಲ್ಲ. ಗೋಡೌನಿನ ಅಂಗಳದಲ್ಲಿ ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಕೂತು ಶುಂಠಿ ಆರಿಸುತ್ತಿದ್ದರು. ಘಾಟಿಗೆ ನನಗೆ ಸೀನು ಬಂತು. ಹುಡುಗಿ ನನ್ನನ್ನು ಕಂಡು ಎದ್ದು ಬಂದಳು, ತಟ್ಟದ ತುದಿಯಲ್ಲಿ ಕೈ ಒರೆಸಿಕೊಂಡಳು. ತೆಳ್ಳಗಾಗಿದ್ದಳು. ಚಹಾ ಕುಡಿಯುತ್ತೀರಾ ಎಂದು ದೊಡ್ಡವಳ ಹಾಗೆ ಕೇಳಿದಳು. ಬೇಡ ಎಂದೆ.

ಸ್ವಲ್ಪ ಹೊತ್ತು ಮಳೆ, ಹಡಗು, ಅಪ್ಪನ ಕೆಮ್ಮು ಇಷ್ಟೇ ಮಾತು. ಆಮೇಲೆ ಅವಳು ಉಗುರಿನಲ್ಲಿ ಸಿಕ್ಕಿದ್ದ ಸಿಪ್ಪೆಯನ್ನು ತೆಗೆಯುತ್ತ ಕೇಳಿದಳು:

"ಚೇಚಿ, ಆವತ್ತು ನಾನು ಅಜ್ಜಿಯ ವಿಷಯ ಹೇಳದೆ ಇದ್ದಿದ್ದರೆ ಸೀಟು ಸಿಗುತ್ತಿತ್ತು ಅಲ್ಲವೇ? ಬಾಪ್ಪ ಇಲ್ಲ ಅನ್ನುತ್ತಾರೆ. ನನಗೆ ಮಾತ್ರ ಹಾಗೇ ಅನ್ನಿಸುತ್ತದೆ. ನನ್ನ ಬಾಯಿಂದಲೇ ಹೋಯಿತು."

ಎರಡು ತಿಂಗಳು ಈ ಹುಡುಗಿ ಇದನ್ನು ಹೊತ್ತುಕೊಂಡು ಶುಂಠಿ ಆರಿಸಿದ್ದಳು. ಹೇಗಾದರೂ ಮಾಡಿ ಅದನ್ನು ಅವಳ ತಲೆಯ ಮೇಲಿಂದ ಇಳಿಸಬೇಕು ಎನ್ನುವುದೊಂದೇ ಆಗ ಬುದ್ಧಿಯಲ್ಲಿದ್ದದ್ದು.

"ನಿನ್ನಿಂದ ಏನೂ ಹೋಗಲಿಲ್ಲ ಮೋಳೇ," ಎಂದೆ. "ನೀನು ಹೇಳಿದರೂ ಹೇಳದಿದ್ದರೂ ಅದು ಪುಸ್ತಕದಲ್ಲಿ ಇದ್ದೇ ಇತ್ತು. ಕೂಸಿನ ಮುಂದೆ ಸ್ಪಷ್ಟವಾಗಿ ಬರೆದಿತ್ತು."

ಹುಡುಗಿ ತಲೆ ಎತ್ತಿದಳು. ಅವಳು ಜಾಣೆ, ಮಾರ್ಕ್ಸ್ ಕಾರ್ಡು ಸುಮ್ಮನೆ ಅಂಥದ್ದಿರಲಿಲ್ಲ.

"ಪುಸ್ತಕದಲ್ಲಿ ಇತ್ತೇ? ಅದನ್ನು ಓದಿದ್ದು ಚೇಚಿಯೇ ಅಲ್ಲವೇ?" ಎಂದಳು. "ಹಾಗಾದರೆ ರೈಲಿನಲ್ಲಿ ಬರುವಾಗಲೇ ಚೇಚಿಗೆ ಗೊತ್ತಿತ್ತೇ?"

ಮೆಮೊಗೆ ಬರೆದ ಉತ್ತರವನ್ನೇ ಇವಳಿಗೂ ಕೊಡಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ.

"ಗೊತ್ತಿತ್ತು," ಎಂದೆ.

ಅವಳು ಬಯ್ಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದೂ ಕಾದೆ. ಒಳಗಿನಿಂದ ಮೇಸ್ತ್ರಿ ಅವಳನ್ನು ಕೂಗಿದ.

"ನನಗೊಂದು ಮಾತು ಹೇಳಬಹುದಿತ್ತು, ಚೇಚಿ," ಎಂದಳು. ತಟ್ಟವನ್ನು ಬಾಯಿ ಮೂಗಿಗೆ ಅಡ್ಡ ಕಟ್ಟಿಕೊಂಡು ಹೋಗಿ, ಹೆಂಗಸರ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತಳು.